ಬಂದವರನ್ನು ಮರಳಿ ಅಟ್ಟದ ನೀತಿ

ತ್ಯಾಗಲಿಯಿಂದ ಶಿರಸಿಗೆ ಬಂದು ಹುಬ್ಬಳ್ಳಿ ಬಸ್ಸು ಹತ್ತಿದರೆ ಅಡಿಕೆ ತೋಟಗಳು ಹಿಂದಾಗಿ, ಗದ್ದೆಗಳೂ ಗೋವಿನಜೋಳದ ಹೊಲಗಳೂ ಕಾಣತೊಡಗುವ ಹೊತ್ತಿಗೆ ಮುಂಡಗೋಡ ಬರುತ್ತದೆ. ಅಲ್ಲಿನ ಟಿಬೆಟಿಯನ್ ನೆಲೆಯನ್ನು ನಮ್ಮ ಕಡೆಯವರು ‘ಲಾಮಾ ಕ್ಯಾಂಪ್’ ಎಂದೇ ಕರೆಯುತ್ತಾರೆ. ಕ್ಯಾಂಪ್ ಎಂದರೆ ನಾಲ್ಕು ದಿನ ಇದ್ದು ಗುಡಾರ ಕಿತ್ತು ಹೊರಡುವ ಜಾಗ. ಈ ಕ್ಯಾಂಪಿನಲ್ಲಿ ಹುಟ್ಟಿದವರು ಈಗ ಮೊಮ್ಮಕ್ಕಳನ್ನು ಕಂಡಿದ್ದಾರೆ.

ಕಾಡಿನ ನಡುವೆ ಎದ್ದ ಊರು

1959ರ ಮಾರ್ಚ್ 10ರಂದು ಟಿಬೆಟ್‌ನ ರಾಜಧಾನಿ ಲಾಸಾದ ಜನ ಚೀನಾದ ಆಳ್ವಿಕೆಯ ವಿರುದ್ಧ ಎದ್ದರು. ಸೇನೆ ಅವರನ್ನು ಹತ್ತಿಕ್ಕಿತು. ಮಾರ್ಚ್ 31ರಂದು ದಲೈ ಲಾಮಾ ಭಾರತದ ಗಡಿಯೊಳಗೆ ಬಂದರು; ಅವರ ಹಿಂದೆಯೇ ಸಾವಿರಾರು ಕುಟುಂಬಗಳು ಹಿಮಾಲಯ ದಾಟಿದವು. ನೂರಾರು ಸನ್ಯಾಸಿಗಳನ್ನು ಬಂಗಾಳದ ಬಕ್ಸಾ ಕೋಟೆಯಲ್ಲಿ ಇರಿಸಿದರು. ಬ್ರಿಟಿಷರು ನಮ್ಮ ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಸೆರೆಮನೆ ಅದು. ತಂಪು ಸೀಮೆಯ ಆ ಜನರಲ್ಲಿ ಅನೇಕರು ಅಲ್ಲಿ ಕ್ಷಯಕ್ಕೆ ಬಲಿಯಾದರು.

ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾಗಿದ್ದ ಮೈಸೂರು ರಾಜ್ಯ 1966ರಲ್ಲಿ ಮುಂಡಗೋಡದಲ್ಲಿ ಟಿಬೆಟಿಯನ್ನರಿಗೆ ಸುಮಾರು 4,000 ಎಕರೆ ನೆಲ ಕೊಟ್ಟಿತು. ಕಾಡು ಕಡಿದು ಹೊಲ ಮಾಡಿದರು. ಕೆಲವೇ ವರ್ಷಗಳಲ್ಲಿ ಲಾಸಾ ಸುತ್ತಲಿನ ಡ್ರೆಪುಂಗ್, ಗಾಂದೆನ್ ಮಹಾವಿಹಾರಗಳು ಇಲ್ಲಿ ಮರುಹುಟ್ಟು ಪಡೆದವು.

ದಯೆಯೋ ಹಕ್ಕೋ?

ನೆಲೆ ತಪ್ಪುವುದು ನಮ್ಮ ಸೀಮೆಗೆ ಹೊಸತಲ್ಲ. 1760ರ ದಶಕದಲ್ಲಿ ಹೈದರಾಲಿಯ ದಂಡು ಬಂದಾಗ ಸೋದೆಯ ಅರಸ ಘಟ್ಟ ಇಳಿದು ಗೋವೆಯ ಪೋರ್ಚುಗೀಸರ ಆಶ್ರಯ ಪಡೆದ. ಅವನ ಸೀಮೆಯ ಕೆಳಘಟ್ಟದ ನೆಲ ಪೋರ್ಚುಗೀಸರ ಕೈಸೇರಿತು. ಅಂದು ಆಶ್ರಯವೆಂದರೆ ಕೊಡುವವನ ಮರ್ಜಿ. ಅದಕ್ಕೆ ಬೆಲೆಯೂ ಇತ್ತು.

ಎರಡನೇ ಮಹಾಯುದ್ಧದ ನಂತರ ಲೋಕ ಬೇರೆ ದಾರಿ ಹಿಡಿಯಿತು. ಕಿರುಕುಳಕ್ಕೆ ಒಳಗಾದವರು ಬೇರೆ ದೇಶದಲ್ಲಿ ಆಶ್ರಯ ಕೋರಬಹುದೆಂದು 1948ರ ಮಾನವ ಹಕ್ಕುಗಳ ಘೋಷಣೆಯ 14ನೇ ವಿಧಿ ಹೇಳಿತು. ಜೀವಕ್ಕೋ ಸ್ವಾತಂತ್ರ್ಯಕ್ಕೋ ಅಪಾಯವಿರುವ ಕಡೆಗೆ ನಿರಾಶ್ರಿತರನ್ನು ಮರಳಿ ಅಟ್ಟಬಾರದು ಎಂದು 1951ರ ನಿರಾಶ್ರಿತರ ಒಪ್ಪಂದದ 33ನೇ ವಿಧಿ ಕಟ್ಟುಮಾಡಿತು.

ಆಳುವವರನ್ನು ಎದುರಿಸಿ ಬಂದವರಿಗೆ ಈ ವಿಧಿಯೇ ಪ್ರಾಣ. ಡ್ರೆಪುಂಗ್‌ನ ಸನ್ಯಾಸಿ ಪಾಲ್ದೆನ್ ಗ್ಯಾತ್ಸೋ ಸೆರೆಮನೆ, ದುಡಿಮೆ ಶಿಬಿರಗಳಲ್ಲಿ 33 ವರ್ಷ ಕಳೆದು, 1992ರಲ್ಲಿ ಭಾರತಕ್ಕೆ ಪಾರಾಗಿ ಬಂದರು. ಚಿತ್ರಹಿಂಸೆಯ ಉಪಕರಣಗಳನ್ನು ಜೊತೆಗೆ ತಂದು ಲೋಕಕ್ಕೆ ತೋರಿಸಿದರು. ಇಂಥವರನ್ನು ಗಡಿಯಲ್ಲೇ ಹಿಂದೆ ಕಳಿಸಿದ್ದರೆ ಆ ಸಾಕ್ಷ್ಯವೂ ಅಲ್ಲೇ ಮಣ್ಣಾಗುತ್ತಿತ್ತು.

ಯಾರ ಹೊಣೆ ಎಷ್ಟು?

ವಿಶ್ವಸಂಸ್ಥೆಯ ಮಹಾಸಭೆ 1959, 1961, 1965ರಲ್ಲಿ ಟಿಬೆಟ್ ಕುರಿತು ನಿರ್ಣಯ ಅಂಗೀಕರಿಸಿತು. ಆದರೆ ನಿರ್ಣಯ ಸೂರಾಗುವುದಿಲ್ಲ. ಸೂರು ಕೊಟ್ಟಿದ್ದು ನೆರೆಯ ಭಾರತ. ಸ್ವಿಟ್ಜರ್‌ಲೆಂಡ್ 1963ರಲ್ಲಿ ಸಾವಿರ ಟಿಬೆಟಿಯನ್ನರನ್ನು ಕರೆಸಿಕೊಳ್ಳಲು ಒಪ್ಪಿತು. ವಿದೇಶಿ ನೆರವಿನೊಂದಿಗೆ ಟಿಬೆಟಿಯನ್ನರ ಪುನರ್ವಸತಿಗೆ ದುಡಿಯಲೆಂದು 1968ರಲ್ಲಿ ಹುಟ್ಟಿದ ‘ಮೈರಾಡ’ ಸಂಸ್ಥೆ ಮುಂದೆ ಕರ್ನಾಟಕದ ಹಳ್ಳಿಗರ ನಡುವೆಯೂ ಬೇರೂರಿತು. ಗಡಿ ತೆರೆದ ದೇಶವೊಂದೇ ಭಾರ ಹೊರಬಾರದು. ಹಣ, ವೈದ್ಯ, ಮರುನೆಲೆ, ತವರು ಸರ್ಕಾರದ ಮೇಲಿನ ಒತ್ತಡ ಇವೆಲ್ಲ ಉಳಿದ ದೇಶಗಳ ಪಾಲಿನ ಹೊಣೆ.

ಉಳಿದಿರುವ ಕೆಲಸ

1951ರ ಒಪ್ಪಂದಕ್ಕೆ ಭಾರತ ಇನ್ನೂ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಒಂದು ಕಾಯ್ದೆಯೂ ಇಲ್ಲ. ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್, ಸಂವಿಧಾನದ 21ನೇ ವಿಧಿಯ ಜೀವರಕ್ಷಣೆ ನಾಗರಿಕರಲ್ಲದವರಿಗೂ ಸಲ್ಲುತ್ತದೆ ಎಂದಿತು. 2014ರ ಟಿಬೆಟಿಯನ್ ಪುನರ್ವಸತಿ ನೀತಿ ನೆಲದ ಗುತ್ತಿಗೆ, ಸರ್ಕಾರಿ ಯೋಜನೆಗಳ ಸೌಲಭ್ಯಕ್ಕೆ ದಾರಿ ಮಾಡಿತು. ಆದರೂ ನೀತಿಯನ್ನು ಸರ್ಕಾರವೊಂದು ಬದಲಿಸಬಹುದು. ಮುಂಡಗೋಡದಲ್ಲೇ ಹುಟ್ಟಿ ಕನ್ನಡ ಆಡಿ ಬೆಳೆದ ಎಷ್ಟೋ ಮಂದಿ ಇಂದಿಗೂ ವಿದೇಶಿಯರ ನೋಂದಣಿ ಪತ್ರವನ್ನು ಆಗಾಗ ನವೀಕರಿಸಿಕೊಂಡೇ ಬದುಕಬೇಕು.

ಅರವತ್ತು ವರ್ಷ ನಮ್ಮ ಸೀಮೆ ಸೌಜನ್ಯದಿಂದ ನಡೆಸಿಕೊಂಡು ಬಂದದ್ದನ್ನು ದೇಶ ಕಾಯ್ದೆಯಲ್ಲಿ ಬರೆದಿಡಬೇಕು. ಆಗ ಮುಂದೆ ಯಾವ ಗಡಿ ದಾಟಿ ಯಾರೇ ಬಂದರೂ, ಅವರ ಉಳಿವು ಆ ಹೊತ್ತಿಗೆ ಆಳುವವರ ಮರ್ಜಿಗೆ ಬೀಳುವುದಿಲ್ಲ.