ಹಬ್ಬುಗುಲಾಬಿಗೆ ಚಳಿಗಾಲದ ಕತ್ತರಿ

ಪ್ರಶ್ನೆ: ಇಂಗ್ಲೆಂಡಿನ ತೋಟಗಳಲ್ಲಿ ಗೋಡೆಗೆ ಹಬ್ಬಿದ ಹಳೆಯ ಗುಲಾಬಿಯನ್ನು ಚಳಿಗಾಲದಲ್ಲಿ ಕತ್ತರಿಸಿ, ಕೊಂಬೆಗಳನ್ನು ಅಡ್ಡಲಾಗಿ ಬಗ್ಗಿಸಿ ಕಟ್ಟುವುದೇಕೆ?

ಉತ್ತರ: ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಎಲೆಗಳು ಬಹುಮಟ್ಟಿಗೆ ಉದುರಿ ಬೆಳವಣಿಗೆಯು ಸ್ತಬ್ಧವಾಗಿರುವಾಗ, ಗಿಡದ ಅಸ್ಥಿಪಂಜರವೇ ಕಣ್ಣಿಗೆ ಗೋಚರಿಸುವುದರಿಂದ, ಒಣಗಿದುದಾವುದು, ರೋಗಗ್ರಸ್ತವಾದುದಾವುದು, ಒಂದನ್ನೊಂದು ಉಜ್ಜುತ್ತಿರುವುದಾವುದು ಎಂಬ ವಿವೇಚನೆಗೆ ಅದಕ್ಕಿಂತ ಪ್ರಶಸ್ತವಾದ ಕಾಲವಿಲ್ಲ. ಇವನ್ನು ಮೊದಲು ತೆಗೆಯತಕ್ಕದ್ದು.

ನಿಜವಾಗಿ ಕುತೂಹಲಕರವಾದುದು ಬಗ್ಗಿಸುವ ಕ್ರಮ. ನೆಟ್ಟಗೆ ಮೇಲೇರಿದ ಕೊಂಬೆಯ ತುದಿಯ ಕುಡಿಯು ಆಕ್ಸಿನ್ ಎಂಬ ಹಾರ್ಮೋನನ್ನು ಕೆಳಕ್ಕೆ ಕಳುಹಿಸುತ್ತ, ಪಕ್ಕದ ಕಣ್ಣುಗಳು ಒಡೆಯದಂತೆ ತಡೆಯುವುದು. ಹೂವೆಲ್ಲ ನೆತ್ತಿಯಲ್ಲಿ ಅರಳಿ ಬುಡವು ಬರಿದಾಗಿ ಉಳಿಯುವುದು ಇದರಿಂದಲೇ. ಅದೇ ಕೊಂಬೆಯನ್ನು ತಂತಿಗೆ ಅಡ್ಡಲಾಗಿ ಕಟ್ಟಿದಾಗ ತುದಿಯ ಪ್ರಾಬಲ್ಯವು ಕುಗ್ಗಿ, ಉದ್ದಕ್ಕೂ ಕಣ್ಣುಗಳು ಒಡೆದು ಹೂಬಿಡುವ ಚಿಗುರುಗಳಾಗುವುವು.

ಕಳೆದ ಋತುವಿನಲ್ಲಿ ಹೂಬಿಟ್ಟ ಪಕ್ಕದ ರೆಂಬೆಗಳನ್ನು ಎರಡು ಮೂರು ಕಣ್ಣುಗಳಷ್ಟು ಉಳಿಸಿ ಕತ್ತರಿಸಬೇಕು. ಬಲಿತ ಗಿಡದಲ್ಲಿ, ಹೂ ಕುಗ್ಗಿದ ಒಂದೆರಡು ಮುದಿ ಕಾಂಡಗಳನ್ನು ಬುಡದವರೆಗೂ ತೆಗೆದರೆ ಹೊಸ ಕಾಂಡಕ್ಕೆ ಎಡೆಯಾಗುವುದು. ಇಲ್ಲಿ ಕೈ ಹಿಂಜರಿಯುವುದು ಸಹಜವೇ ಆದರೂ, ಈ ಧೈರ್ಯವಿಲ್ಲದೆ ಗಿಡಕ್ಕೆ ತಾರುಣ್ಯವು ಮರಳದೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಕ್ರಮವು, 1930ರಲ್ಲಿ ಹೊರಬಂದು ಮರುವರ್ಷ ಅಮೆರಿಕದ ಪ್ರಪ್ರಥಮ ಸಸ್ಯ ಪೇಟೆಂಟನ್ನು ಪಡೆದ ‘ನ್ಯೂ ಡಾನ್’ನಂತೆ, ಮರಳಿ ಮರಳಿ ಹೂಬಿಡುವ ತಳಿಗಳಿಗೆ ಸಲ್ಲುವಂಥದು. ‘ಆಲ್ಬರ್ಟೀನ್’ನಂತಹ, ಬೇಸಗೆಯಲ್ಲೊಮ್ಮೆ ಮಾತ್ರ ಅರಳುವ ರ‍್ಯಾಂಬ್ಲರ್ ಗುಲಾಬಿಗಳು ಹಿಂದಿನ ವರ್ಷದ ಕಾಂಡದ ಮೇಲೆಯೇ ಹೂಬಿಡುವುದರಿಂದ, ಚಳಿಗಾಲದ ಕತ್ತರಿಯು ಬರಲಿರುವ ಹೂವನ್ನೇ ಅಪಹರಿಸುವುದು, ಅವುಗಳಿಗೆ ಹೂ ಮುಗಿದ ಮೇಲಣ ಬೇಸಗೆಯ ಕೊನೆಯೇ ತಕ್ಕ ಸಮಯ.