ಹೌದು, ಅಲ್ಲ!

ಬೀದರ್ ಜಿಲ್ಲೆಯ ದುಬಲಗುಂಡಿಯ ಯಾವ ಅಡುಗೆಮನೆಗಾದರೂ ಹೋಗಿ. ಒಲೆಯ ಮೇಲೆ ಚಾ ಕುದಿಯುತ್ತಿರುತ್ತದೆ. ಕಲ್ಲಿನ ಮೇಲೊಂದು ತುಂಡು ಇಟ್ಟು ಜಜ್ಜಿದರು, ಘಮ್ ಅಂತು! ಆ ತುಂಡಿನ ಇಂಗ್ಲಿಷ್ ಹೆಸರು ಜಿಂಜರ್. ಅದರೊಳಗೆ ನೀವು ದಿನಾ ಆಡುವ ಮಾತೊಂದು ಅಡಗಿ ಕೂತಿದೆ. ಯಾವುದು, ಹೇಳಿ ನೋಡೋಣ?

ಶುಂಠಿ? ಊಹೂಂ. ಅಲ್ಲ? ಅಲ್ಲ! (ಬೀದರ್ ಕಡೆಯವರು ನಕ್ಕಿರಬೇಕು. ಹಸಿ ಶುಂಠಿಯ ಹೆಸರೇ ಇಲ್ಲಿ ‘ಅಲ್ಲ’.)

ಬನ್ನಿ, ಪದದ ಬಾಲ ಹಿಡಿದು ಹಿಂದಕ್ಕೆ ನಡೆಯೋಣ. ಲ್ಯಾಟಿನ್ನಿನಲ್ಲಿ ‘ಜಿಂಗಿಬೆರ್’. ಗ್ರೀಕಿನಲ್ಲಿ ‘ಜಿಂಗಿಬೆರಿಸ್’. ಪಾಲಿಯಲ್ಲಿ ‘ಸಿಂಗಿವೇರ’. ಸಂಸ್ಕೃತದಲ್ಲಿ ‘ಶೃಂಗವೇರ’. ಶೃಂಗ ಅಂದರೆ ಕೊಂಬು! ಒಂದು ಗಡ್ಡೆ ಕೈಗೆತ್ತಿಕೊಳ್ಳಿ. ಆ ಗೆಣ್ಣು, ಆ ಕವಲು, ಥೇಟ್ ಜಿಂಕೆಯ ಕೊಂಬು!

ಚೆಂದದ ಕಥೆ. ಆದರೆ ಪಂಡಿತರು ಒಪ್ಪುವುದಿಲ್ಲ. ಕೊಂಬು ಆಮೇಲೆ ಅಂಟಿಸಿದ್ದು ಅನ್ನುತ್ತಾರೆ. ಅಲನ್ ರಾಸ್ ಎಂಬ ವಿದ್ವಾಂಸ ಈ ಒಂದೇ ಪದದ ಬೆನ್ನು ಹತ್ತಿ 1952ರಲ್ಲಿ ಪುಸ್ತಕವನ್ನೇ ಬರೆದ. ಒಂದು ಪದಕ್ಕೆ ಒಂದು ಪುಸ್ತಕ!

ಹಾಗಾದರೆ ಮೂಲ ಎಲ್ಲಿ? ದ್ರಾವಿಡದಲ್ಲಿ! ‘ಇಂಚಿ’, ‘ವೇರ್’. ತಮಿಳರು, ಮಲಯಾಳಿಗಳು ಇಂದಿಗೂ ಇಂಜಿ ಅನ್ನುತ್ತಾರೆ. ಇನ್ನು ವೇರ್? ತಮಿಳರ ವಾಳೈ ನಮ್ಮ ಬಾಳೆ. ಅವರ ವಾಯ್ ನಮ್ಮ ಬಾಯಿ. ಅವರ ವೇರ್...

ಬೇರು!

ಈಗ ಲ್ಯಾಟಿನ್ ಪದವನ್ನು ಮತ್ತೊಮ್ಮೆ ಓದಿ. ಜಿಂಗಿ-ಬೆರ್. ಕೇಳಿಸಿತೇ? ರೋಮಿನವರಿಗೆ ಕನ್ನಡ ಬರುತ್ತಿರಲಿಲ್ಲ ಬಿಡಿ. ವಕಾರ ಬಕಾರವಾದದ್ದು ದಾರಿಯಲ್ಲಿ, ತಾನಾಗಿ. ಆದರೂ ಮೈ ಜುಮ್ಮೆನ್ನುವುದಿಲ್ಲವೇ?

ರೋಮಿನಲ್ಲಿ ಇದರ ಬೆಲೆ ಊಹಿಸಿ. ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. ಒಂದು ಪೌಂಡ್ ಕರಿಮೆಣಸಿಗೆ 4 ದಿನಾರಿ. ಶುಂಠಿಗೆ? 6! ಮೆಣಸಿನ ಒಂದೂವರೆ ಪಟ್ಟು! ತಮಾಷೆಯೆಂದರೆ, ಇದು ಅರಬ್ ನಾಡಿನ ಬೆಳೆ ಎಂದೇ ಆತ ನಂಬಿದ್ದ. ನಡುವಿನ ವ್ಯಾಪಾರಿಗಳು ಊರು ಹೇಳಿರಲಿಕ್ಕಿಲ್ಲ!

ಇಂಗ್ಲಿಷರು ಆ ‘ಬ’ ನುಂಗಿಬಿಟ್ಟರು. ಸಸ್ಯಶಾಸ್ತ್ರ ಮಾತ್ರ ಬಿಡಲಿಲ್ಲ. 1807ರಲ್ಲಿ ವಿಲಿಯಂ ರಾಸ್ಕೊ ಇಟ್ಟ ಹೆಸರು ಜಿಂಗಿಬೆರ್ ಅಫಿಸಿನೇಲ್. ‘ಒಂದು ಜಿಲ್ಲೆ ಒಂದು ಉತ್ಪನ್ನ’ ಯೋಜನೆಯಲ್ಲಿ ಬೀದರಿನ ಪಾಲಿಗೆ ಬಂದಿರುವುದೂ ಇದೇ ಶುಂಠಿ!

ಕೊನೆಯದೊಂದು ಪ್ರಶ್ನೆ. ಹೊಲದಲ್ಲಿ ಅಗೆದು, ಮಣ್ಣು ಕೊಡವಿ ಎತ್ತಿಕೊಳ್ಳುವ ಆ ಗಡ್ಡೆ ಇದೆಯಲ್ಲ, ಅದು ಗಿಡದ ಯಾವ ಭಾಗ? ನೆಲದೊಳಗೆ ಅಡ್ಡಡ್ಡ ಮಲಗಿ ಬೆಳೆಯುವ ಕಾಂಡ! ಮತ್ತೆ ಬೇರು?

ಅಲ್ಲ!