ಕ್ಯಾಮೆರಾ ಲೆನ್ಸುಗಳ ಹೊಸ ಆವೃತ್ತಿಗಳು ಮತ್ತು ವರ್ತಕರ ದಾಸ್ತಾನು

ಕ್ಯಾಮೆರಾ ವ್ಯಾಪಾರಿಗಳ ದಾಸ್ತಾನಿನಲ್ಲಿ ಮುಖ್ಯವಾಗಿ ಎರಡು ಬಗೆಯ ಸರಕುಗಳಿರುತ್ತವೆ. ಒಂದು ಕ್ಯಾಮೆರಾ, ಇನ್ನೊಂದು ಅದಕ್ಕೆ ಜೋಡಿಸುವ ಲೆನ್ಸ್. ಎರಡನ್ನೂ ಒಂದೇ ಕಂಪನಿ ತಯಾರಿಸಿದರೂ ಅವು ಹಳತಾಗುವ ವೇಗ ಒಂದೇ ಅಲ್ಲ. ಇದನ್ನು ಅರಿಯದೆ ಎರಡಕ್ಕೂ ಒಂದೇ ಅಳತೆಗೋಲು ಹಿಡಿದರೆ ಬಂಡವಾಳವು ಕಪಾಟಿನಲ್ಲಿ ಸಿಲುಕುತ್ತದೆ. ಇಲ್ಲವೇ ಇನ್ನೂ ಬೆಲೆ ಬಾಳುವ ಸರಕನ್ನು ಅವಸರದಿಂದ ನಷ್ಟಕ್ಕೆ ಮಾರುವ ಪ್ರಸಂಗ ಒದಗುತ್ತದೆ.

ಜಪಾನಿನ ಕ್ಯಾನನ್ ಕಂಪನಿಯನ್ನೇ ಗಮನಿಸೋಣ. ಅದರ 5ಡಿ ಕ್ಯಾಮೆರಾ 2005ರಲ್ಲಿ ಬಂದಿತು. ಮುಂದಿನ ಆವೃತ್ತಿಗಳು 2008, 2012 ಹಾಗೂ 2016ರಲ್ಲಿ ಬಂದವು. ಅಂದರೆ ಮೂರು-ನಾಲ್ಕು ವರ್ಷಗಳ ಅಂತರ. ಮದುವೆ ಛಾಯಾಗ್ರಾಹಕರು ಬಹಳವಾಗಿ ಬಳಸುವ 70-200 ಮಿ.ಮೀ. ಎಫ್/2.8 ಲೆನ್ಸಿನ ಲೆಕ್ಕವೇ ಬೇರೆ. 1995ರ ಆವೃತ್ತಿಯ ನಂತರ ಕೈನಡುಕವನ್ನು ಸರಿದೂಗಿಸುವ ವ್ಯವಸ್ಥೆಯುಳ್ಳದ್ದು 2001ರಲ್ಲಿ, ಅದರ ಎರಡನೆಯ ರೂಪ 2010ರಲ್ಲಿ, ಮೂರನೆಯದು 2018ರಲ್ಲಿ ಪ್ರಕಟವಾದವು. ಅಂತರ ಕ್ರಮವಾಗಿ ಆರು, ಒಂಬತ್ತು, ಎಂಟು ವರ್ಷ. ನಿಕಾನ್ ಕಂಪನಿಯ ಇದೇ ಬಗೆಯ ಲೆನ್ಸ್ 2009ರ ನಂತರ ಬದಲಾದದ್ದು 2016ರಲ್ಲಿ. ಸೋನಿ ತುಸು ಚುರುಕು: 2016ರ 70-200ರ ಎರಡನೆಯ ಆವೃತ್ತಿ 2021ರಲ್ಲಿ ಬಂದಿತು.

ಇದಕ್ಕೆ ಕಾರಣವಿದೆ. ಕ್ಯಾಮೆರಾದ ಜೀವಾಳ ಸಂವೇದಕ ಹಾಗೂ ಸಂಸ್ಕಾರಕ. ಅವು ಎಲೆಕ್ಟ್ರಾನಿಕ್ ಉದ್ಯಮದ ವೇಗದಲ್ಲೇ ಹಳತಾಗುತ್ತವೆ. ಲೆನ್ಸಿನ ಜೀವಾಳ ಗಾಜು. ಗಾಜಿನ ವಿನ್ಯಾಸ, ಉಜ್ಜುವಿಕೆ, ಲೇಪನ, ಅಚ್ಚುಗಳಿಗೆ ಹೂಡಿದ ಹಣವನ್ನು ತಯಾರಕರು ಹಲವು ವರ್ಷಗಳ ಮಾರಾಟದಿಂದ ಹಿಂಪಡೆಯಬೇಕಾಗುತ್ತದೆ. ಅಚ್ಚು ಮಾಡಿಸಿ ಅನುಭವವುಳ್ಳ ನಮ್ಮ ಸಣ್ಣ ಉದ್ಯಮಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಲ್ಲ ಹೊಸ ಆವೃತ್ತಿಯೂ ಹೊಸ ಲೆನ್ಸ್ ಅಲ್ಲವೆಂಬುದನ್ನೂ ಗಮನಿಸತಕ್ಕದ್ದು. ಮೇಲೆ ಹೇಳಿದ 2018ರ ಲೆನ್ಸಿನಲ್ಲಿ ಗಾಜಿನ ವಿನ್ಯಾಸ 2010ರದ್ದೇ. ಮುಖ್ಯವಾಗಿ ಬದಲಾದದ್ದು ಲೇಪನ ಮಾತ್ರ.

ದುಬಾರಿ ಲೆನ್ಸ್ ಬೇಗ ಬದಲಾಗುತ್ತದೆ, ಅಗ್ಗದ್ದು ತಡವಾಗಿ ಬದಲಾಗುತ್ತದೆ ಎಂಬ ಊಹೆಯೂ ಸರಿಯಲ್ಲ. ಕ್ಯಾಮೆರಾದ ಜೊತೆಗೇ ಕೊಡುವ ಕ್ಯಾನನ್ 18-55 ಮಿ.ಮೀ. ಲೆನ್ಸ್ ಅಗ್ಗದ್ದೇ, ಆದರೂ ಅದು 2003, 2005, 2007, 2011, 2013 ಮತ್ತು 2017ರಲ್ಲಿ ರೂಪ ಬದಲಿಸಿತು. ಕ್ಯಾಮೆರಾಕ್ಕೆ ಗಂಟುಬಿದ್ದ ಸರಕು ಕ್ಯಾಮೆರಾದ ತಾಳಕ್ಕೇ ಕುಣಿಯುತ್ತದೆ. ಅಷ್ಟೇ ಅಗ್ಗದ 50 ಮಿ.ಮೀ. ಎಫ್/1.8 ಲೆನ್ಸಿನ ಎರಡನೆಯ ಆವೃತ್ತಿಯಾದರೋ 1990ರಿಂದ 2015ರವರೆಗೆ, ಇಪ್ಪತ್ತೈದು ವರ್ಷ, ಹಾಗೆಯೇ ಮಾರಾಟವಾಯಿತು. ವರ್ತಕನ ದೃಷ್ಟಿಯಿಂದ ಇಂತಹ ಸರಕು ನಿಶ್ಚಿಂತೆಯದು.

ಈ ಎಲ್ಲ ಲೆಕ್ಕವನ್ನೂ ಬುಡಮೇಲು ಮಾಡುವ ಸಂಗತಿಯೊಂದಿದೆ. ಅದು ಮೌಂಟ್, ಅಂದರೆ ಲೆನ್ಸನ್ನು ಕ್ಯಾಮೆರಾಕ್ಕೆ ಕೂಡಿಸುವ ಬಾಯಿಯ ಬದಲಾವಣೆ. ಕ್ಯಾನನ್ 1987ರಿಂದ ಇಎಫ್ ಮೌಂಟ್ ಬಳಸುತ್ತಿತ್ತು. 2018ರ ಜೂನ್‌ನಲ್ಲಿ ಮೂರನೆಯ 70-200 ಪ್ರಕಟವಾಯಿತು. ಸೆಪ್ಟೆಂಬರಿನಲ್ಲಿ ಕಂಪನಿ ಆರ್‌ಎಫ್ ಎಂಬ ಹೊಸ ಮೌಂಟನ್ನು ಪ್ರಕಟಿಸಿತು. 2019ರಲ್ಲಿ ಆ ಮೌಂಟಿನ 70-200 ಬಂದೇಬಿಟ್ಟಿತು. ಎಂಟು ವರ್ಷದ ಅಂತರ ಒಂದಕ್ಕಿಳಿಯಿತು! ಅಡಾಪ್ಟರ್ ಮೂಲಕ ಹಳೆಯ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಬಳಸಬಹುದಾದ್ದರಿಂದ ಅದು ನಿರುಪಯುಕ್ತವಾಗಲಿಲ್ಲ. ಆದರೆ ಹೊಸ ಕ್ಯಾಮೆರಾ ಕೊಳ್ಳುವವನು ಹಳೆಯ ಮೌಂಟಿನ ಲೆನ್ಸನ್ನು ಪೂರ್ಣ ಬೆಲೆಗೆ ಏಕೆ ಕೊಂಡಾನು?

ಇನ್ನು ಲೆಕ್ಕಪತ್ರದ ವಿಷಯ. ಲೆಕ್ಕಪತ್ರ ಮಾನಕ 2ರ ಪ್ರಕಾರ ದಾಸ್ತಾನನ್ನು ಕ್ರಯಬೆಲೆ ಅಥವಾ ನಿವ್ವಳ ವಸೂಲಿ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ನಮೂದಿಸತಕ್ಕದ್ದು, ಅದನ್ನೂ ಸಾಮಾನ್ಯವಾಗಿ ಒಂದೊಂದು ವಸ್ತುವಿಗೂ ಪ್ರತ್ಯೇಕವಾಗಿ. ಐವತ್ತು ಮಿಲಿಮೀಟರಿನ ಲಾಭವನ್ನು ಎಪ್ಪತ್ತು-ಇನ್ನೂರರ ನಷ್ಟಕ್ಕೆ ಹೊಂದಿಸುವಂತಿಲ್ಲ. ಮಾರ್ಚ್ 31ರಂದು ಕಪಾಟಿನಲ್ಲಿದ್ದ ಲೆನ್ಸಿನ ಹೊಸ ಆವೃತ್ತಿ ಏಪ್ರಿಲ್‌ನಲ್ಲಿ ಪ್ರಕಟವಾದರೆ? ನಂತರದ ಘಟನೆಯು ವರ್ಷಾಂತ್ಯಕ್ಕೆ ಇದ್ದ ಸ್ಥಿತಿಯನ್ನು ದೃಢಪಡಿಸುವಷ್ಟರ ಮಟ್ಟಿಗೆ ಮಾತ್ರ ಅದನ್ನು ಪರಿಗಣಿಸಬೇಕೆಂಬುದು ನಿಯಮ. ಫೆಬ್ರವರಿಯಲ್ಲೇ ಮಾರಾಟ ಸ್ಥಗಿತಗೊಂಡು, ಪೇಟೆಯಲ್ಲಿ ರಿಯಾಯಿತಿ ಆರಂಭವಾಗಿದ್ದರೆ ಆ ವರ್ಷದಲ್ಲೇ ಮೌಲ್ಯ ತಗ್ಗಿಸುವುದು ಸೂಕ್ತ. ಪ್ರಕಟಣೆ ಅನಿರೀಕ್ಷಿತವಾಗಿದ್ದರೆ, ನನ್ನ ಅಭಿಪ್ರಾಯದಲ್ಲಿ, ನಷ್ಟ ಮುಂದಿನ ವರ್ಷಕ್ಕೆ ಸೇರಿದ್ದು. ಯಾವ ಆಧಾರದಿಂದ ನಿರ್ಧರಿಸಿದಿರೆಂಬ ಟಿಪ್ಪಣಿ, ಆ ತಿಂಗಳ ಬೆಲೆಪಟ್ಟಿ, ಮಾರಾಟದ ಬಿಲ್ಲುಗಳ ಪ್ರತಿ ಕಡತದಲ್ಲಿರಲಿ.

ಮೌಲ್ಯ ತಗ್ಗಿಸುವುದು ಬೇರೆ, ಸರಕನ್ನು ಪುಸ್ತಕದಿಂದ ಸಂಪೂರ್ಣ ತೆಗೆದುಹಾಕುವುದು ಬೇರೆ. ಎರಡನೆಯದನ್ನು ಮಾಡಿದರೆ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 17(5)(ಎಚ್) ಪ್ರಕಾರ ಆ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಾಗುತ್ತದೆ. ಮಾರಾಟವಾಗದ ಲೆನ್ಸನ್ನು ಕೈಬಿಡುವ ಮೊದಲು ಈ ಮೊತ್ತವನ್ನೂ ನಷ್ಟದ ಲೆಕ್ಕಕ್ಕೆ ಸೇರಿಸಿಕೊಳ್ಳತಕ್ಕದ್ದು.